ಹದಿನಾರೂ ಕಾಲು

ಮಂಡ್ಯದ ಸಕ್ಕರೆ ಕಾರ್ಖಾನೆಯ ತೂಕದ ಮನೆಯಲ್ಲಿ
ನನಗೆ ಕೆಲಸ ಕಲಿಸಿದವರು ಬೆಟ್ಟಸ್ವಾಮಿ.
ಕಲಿಸಿದರು ಅನ್ನುವುದು ಹೆಚ್ಚಾಯಿತು.
ಕೈಗೊಂದು ಪೊರಕೆ ಕೊಟ್ಟು
ಮೊದಲು ಸೊನ್ನೆ ನೋಡು ಅಂದರು, ಅಷ್ಟೆ.

ಸೊನ್ನೆ ಅಂದರೆ
ಮೇಲೆ ಏನೂ ಇಲ್ಲದಾಗ ಏನೂ ಇಲ್ಲವೆಂದು
ತಕ್ಕಡಿ ಒಪ್ಪಿಕೊಳ್ಳುವುದು.
ಸುಲಭವಲ್ಲ ಅದು.
ಗಾಲಿ ತಂದ ಮಣ್ಣು, ಉದುರಿದ ಸೋಗೆ,
ಅಂಚಿನ ಸಂದಿಗೆ ಸಿಕ್ಕಿಕೊಂಡ ಬೆಣಚುಕಲ್ಲು
ಕೂತು ಕೂತು
ಯಾರದೋ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ.
ಗಂಟೆಗೊಮ್ಮೆ ಇಳಿದು ಗುಡಿಸುವರು ಬೆಟ್ಟಸ್ವಾಮಿ,
ಟ್ರಾಕ್ಟರುಗಳ ಸಾಲು ಹಾರನ್ನು ಹೊಡೆಯುತ್ತಿದ್ದರೂ,
"ಅವ್ರಪ್ಪನ ಮನೆ ಜಗಲಿ ಗುಡಿಸ್ತಾವ್ನೆ ನೋಡ್ಲಾ" ಅಂತ
ಯಾರೋ ಕತ್ತಲಲ್ಲಿ ಕೂಗಿದರೂ.

ಮನೆಯಲ್ಲೂ ಹೀಗೇ ಅಂತೆ.
ಬುತ್ತಿ ತಂದ ದಿನ ಅವರ ಹೆಂಡತಿ ಹೇಳಿದ್ದರು:
ಜಗಳವಾಡಿದ ಮಾರನೆಯ ಬೆಳಿಗ್ಗೆ
ತಪ್ಪನ್ನು ನಂದೆಷ್ಟು ನಿಂದೆಷ್ಟು ಅಂತ ವಿಂಗಡಿಸಿ
ತಮ್ಮ ಪಾಲಿಗಷ್ಟೇ ತಪ್ಪಾಯ್ತು ಅಂತಾರೆ,
ಗುಲಗಂಜಿಯಷ್ಟೂ ಹೆಚ್ಚಿಗಿಲ್ಲ.

ಮಾಗಿಯ ಒಂದು ರಾತ್ರಿ, ಕೀಲಾರದ ಹೊಂಬಾಳಯ್ಯನ ಗಾಡಿ.
ತೂಗಿದೆವು, ಚೀಟಿ ಹರಿದೆವು.
ಎರಡು ಗಂಟೆ ಕಳೆದು ಬರಿಗಾಡಿ ತಿರುಗಿ ಬಂದಾಗ
ಎತ್ತಿನ ಪಕ್ಕ ನಡೆದು ಬರುತ್ತಿತ್ತು ಒಂದು ಹೆಣ್ಣುಕೂಸು,
ಕೂದಲ ತುಂಬ ತರಗು.
"ಇದೆಲ್ಲಿತ್ತು?"
"ಕಬ್ಬಿನ ಮ್ಯಾಲೆ ಮಲಗಿತ್ತು ಕನಣ್ಣ, ಹೊದ್ದಿಸಿದ್ದೆ."

ಅಂದರೆ ಒಳಹೋಗುವ ತೂಕದಲ್ಲಿ ಕೂಸಿದೆ,
ಹೊರಬರುವುದರಲ್ಲಿ ಇಲ್ಲ.
ಕೂಸನ್ನೂ ಕಬ್ಬೆಂದು ಬರೆದಿದ್ದೇವೆ.

ಲಾರಿ ತೂಗುವ ಹಲಗೆ. ಅಷ್ಟಗಲದ ನಡುವೆ
ಎರಡೇ ಎರಡು ಬರಿಗಾಲು.
ಇಪ್ಪತ್ತು ಅಂದಿತು ಯಂತ್ರ.
ಹತ್ತು ಹತ್ತಾಗಿ ಮಾತ್ರ ಎಣಿಸಲು ಬರುತ್ತದೆ ಅದಕ್ಕೆ,
ನಡುವಿನದು ಅದರ ಕಣ್ಣಿಗಿಲ್ಲ.
"ಇಪ್ಪತ್ತು ಇವಳದಲ್ಲ" ಎನ್ನುತ್ತ
ಕೈಹಿಡಿದು ಉಗ್ರಾಣಕ್ಕೆ ಕರೆದೊಯ್ದು
ಮೂಟೆ ತೂಗುವ ತಕ್ಕಡಿಯಲ್ಲಿ ಕೂರಿಸಿದರು.
ಹದಿನಾರೂ ಕಾಲು.

ಹಳೆಯ ಅಂಕಿ ಹೊಡೆದು, ಹೊಸದು ಬರೆದು,
ಪಕ್ಕದಲ್ಲಿ ತಮ್ಮ ಸಹಿ, ಅವನ ಹೆಬ್ಬೆಟ್ಟು.
ಐವತ್ತು ರೂಪಾಯಿ ಹೋಯಿತು ಹೊಂಬಾಳಯ್ಯನದು.
"ಸದ್ಯ, ಗಾಣಕ್ಕಾಕ್ನಿಲ್ವಲ್ಲ ಬುಡಿ" ಎಂದು ನಕ್ಕ.
ನನಗೆ ನಗು ಬರಲಿಲ್ಲ.
"ಟನ್ನುಗಟ್ಟಲೆ ನುಂಗುವವರ ಪರವಾಗಿ
ಈ ಬಡವನ ಹದಿನಾರು ಕಿಲೋ ಕಿತ್ತಿರಲ್ಲ ಸಾರ್?"

ಅವರು ಪೆನ್ನಿನ ಮುಚ್ಚಳ ಹುಡುಕುತ್ತಿದ್ದರು.
ಸಿಕ್ಕಿದ ಮೇಲೆ ಅಂದರು:
"ನಾಳೆ ಮೇಲ್ನೋರು ಬಂದು
ಗಾಡಿಗೊಂದ್ ಕ್ವಿಂಟಾಲು ಇಳಿಸಿ ಬರಿ ಅಂದ್ರೆ
ಆಗಕಿಲ್ಲ ಅನ್ನಕೆ ನಂಗೊಂದು ನಾಲ್ಗೆ ಬ್ಯಾಡ್ವ?
ಅದ್ನ ಇವತ್ತೆ ಮಾರ್ಕಬುಟ್ರೆ?"

ಕೂಸು ಮಾತ್ರ ಬಾಗಿಲು ಬಿಟ್ಟು ಕದಲಲಿಲ್ಲ.
"ನನ್ ಚೀಟಿ?"
ಬರೆದುಕೊಟ್ಟರು ಅದನ್ನೂ. ತಾರೀಖು, ಊರು,
ಹೆಸರು ಚಿಕ್ಕತಾಯಿ,
ಮಾಲು ಎಂಬಲ್ಲಿ ಬರೀ ಒಂದು ಗೆರೆ,
ನಿವ್ವಳ ಹದಿನಾರೂ ಕಾಲು.
ಮೊಹರಿನ ಮಸಿ ಆರುವತನಕ ಊದುತ್ತ ನಿಂತಿತ್ತು ಕೂಸು.

ಆ ನಾಳೆ ಬಂತೋ ಇಲ್ಲವೋ ನಾನರಿಯೆ.
ಮುಂದಿನ ಹಂಗಾಮಿಗೆ ಅವರನ್ನು
ಗೋಣಿಚೀಲ ಎಣಿಸುವ ಕಡೆ ಹಾಕಿದ್ದರು.
ಯಾಕೆಂದು ಯಾರೂ ಹೇಳಲಿಲ್ಲ, ಅವರೂ.

ಮತ್ತೆ ನಾನು?
ಎಷ್ಟೋ ರಾತ್ರಿ ಇಳಿದಿಲ್ಲ.
ಚಳಿ, ಮಂಡಿನೋವು, ಸಾಲು ಬೇರೆ ಉದ್ದ.
ಅಂಥ ರಾತ್ರಿಯ ಕಸ ಯಾರ ಯಾರ ಚೀಟಿಗೆ ಕೂತಿತೋ,
ಬಿಡಿಸಿ ತೂಗಲು ಯಾವ ಉಗ್ರಾಣದಲ್ಲೂ ತಕ್ಕಡಿಯಿಲ್ಲ.

ಈಗ ಎರಡು ಗಂಟೆ.
ಪರದೆಯ ಮೇಲೆ ಸೊನ್ನೆ ಇರಬೇಕಾದಲ್ಲಿ ಹತ್ತು.
ಹಲಗೆಯ ಮೇಲೆ ಏನೂ ಇಲ್ಲ, ಮಂಜು ಬಿಟ್ಟರೆ.
ಸಾಲಿನ ಮೊದಲ ಟ್ರಾಕ್ಟರಿನವನು ದೀಪ ಮಿಟುಕಿಸುತ್ತ
ನನ್ನ ಹೆತ್ತವ್ವನನ್ನು ನೆನೆಯುತ್ತಿದ್ದಾನೆ.
ಪೊರಕೆ ಎಲ್ಲಿಟ್ಟೆ?